ಪ್ರಾಕ್ಸ್‌ಮಾಕ್ಸ್ 8ರಿಂದ 9ಕ್ಕೆ: ಎಲ್ಲವೂ ಒಂದೇ ಡಬ್ಬದಲ್ಲಿ ಇದ್ದಾಗ ಎಲ್ಲಿಂದ ಶುರು ಮಾಡಬೇಕು?

ಮೂಲೆ_ಸರ್ವರ್

ಮನೆಯಲ್ಲಿ ಇರುವುದು ಒಂದೇ ಒಂದು ಟವರ್. ಅದರಲ್ಲಿ ಪ್ರಾಕ್ಸ್‌ಮಾಕ್ಸ್ ವಿಇ 8.4 (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರ ಓಡಿಸುವ, ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ವ್ಯವಸ್ಥೆ) ಓಡುತ್ತಿದೆ. 8ರ ಸರಣಿಗೆ 2026ರ ಆಗಸ್ಟ್‌ವರೆಗೆ ಮಾತ್ರ ಅಪ್‌ಡೇಟ್ ಇರುವುದರಿಂದ 9ಕ್ಕೆ ಹೋಗಲೇಬೇಕು. ಇವತ್ತೋ ನಾಳೆಯೋ ಅಷ್ಟೇ.

ಒಳಗೆ ಏನೇನಿದೆ ಅಂದರೆ: ಪೈ-ಹೋಲ್ (ಜಾಹೀರಾತು ತಡೆಯುವ ಡಿಎನ್‌ಎಸ್ ಸರ್ವರ್) ಒಂದು ಕಂಟೇನರ್‌ನಲ್ಲಿ, ಜೆಲ್ಲಿಫಿನ್ (ವಿಡಿಯೊ ಸರ್ವರ್) ಇನ್ನೊಂದರಲ್ಲಿ, ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸುವುದು) ಒಂದು ವಿಎಂನಲ್ಲಿ, ಅಂದರೆ ವರ್ಚುವಲ್ ಯಂತ್ರದಲ್ಲಿ. ಟ್ರೂನ್ಯಾಸ್‌ಗೆ (ಫೈಲ್ ಸಂಗ್ರಹದ ಸರ್ವರ್) ಪ್ರತ್ಯೇಕ ವಿಎಂ, ಅದಕ್ಕೆ ಎಚ್‌ಬಿಎ ಕಾರ್ಡ್ (ಡಿಸ್ಕ್‌ಗಳನ್ನು ಜೋಡಿಸುವ ಕಾರ್ಡ್) ಪಾಸ್‌ಥ್ರೂ ಮಾಡಿದ್ದೇನೆ, ಅಂದರೆ ನೇರವಾಗಿ ಒಪ್ಪಿಸಿದ್ದೇನೆ. ಜೊತೆಗೆ ಯಾವುದೋ ಕಾಲದ ಉಬುಂಟು 16.04 ಕಂಟೇನರ್, ಅದರಲ್ಲಿ ಹಳೆಯ ಟಿಪ್ಪಣಿಗಳ ವಿಕಿ. ಬ್ಯಾಕಪ್ ದಿನಾ ರಾತ್ರಿ ಟ್ರೂನ್ಯಾಸ್‌ನ ಎನ್‌ಎಫ್‌ಎಸ್ ಶೇರ್‌ಗೆ ಹೋಗುತ್ತದೆ. ಹೋಸ್ಟ್ (ಇವನ್ನೆಲ್ಲಾ ಓಡಿಸುವ ಮೂಲ ಯಂತ್ರ) ಇರುವುದು ಝಡ್‌ಎಫ್‌ಎಸ್ ಮಿರರ್ ಮೇಲೆ (ಎರಡು ಡಿಸ್ಕ್‌ಗಳಲ್ಲಿ ಒಂದೇ ಡೇಟಾ ಇಡುವ ಫೈಲ್ ಸಿಸ್ಟಮ್), ಯುಇಎಫ್‌ಐ ಬೂಟ್.

ಇದ್ದಲ್ಲೇ ಅಪ್‌ಗ್ರೇಡ್ ಮಾಡಲಾ, ಇಲ್ಲಾ ಹೊಸದಾಗಿ ಇನ್‌ಸ್ಟಾಲ್ ಮಾಡಿ ಬ್ಯಾಕಪ್‌ನಿಂದ ಎಲ್ಲಾ ವಾಪಸ್ ತರಲಾ? ಕಮಾಂಡ್‌ಗಳು ಬೇಡ, ಅವು ಅಧಿಕೃತ ಕೈಪಿಡಿಯಲ್ಲಿ ಚೆನ್ನಾಗಿಯೇ ಇವೆ. ನನ್ನಂಥ ಒಂದು ಡಬ್ಬದ ಸೆಟಪ್‌ನಲ್ಲಿ ಎಲ್ಲಿ ಕೈಕೊಡುತ್ತದೆ ಅನ್ನೋದು ಬೇಕು.

ಝಡ್‌ಪೂಲ್_ಕಾವಲು

ಯಾವ ದಾರಿ ಅನ್ನೋದು ಆಮೇಲೆ. ಮೊದಲು ಬ್ಯಾಕಪ್ ವಿಷಯ.

ನಿಮ್ಮ ಬ್ಯಾಕಪ್ ಇರುವುದು ಟ್ರೂನ್ಯಾಸ್‌ನಲ್ಲಿ. ಟ್ರೂನ್ಯಾಸ್ ಇರುವುದು ಅದೇ ಹೋಸ್ಟ್ ಒಳಗಿನ ವಿಎಂನಲ್ಲಿ. ನಾಳೆ ಹೋಸ್ಟ್ ಏಳಲಿಲ್ಲ ಅನ್ನಿ. ಬ್ಯಾಕಪ್ ತೆಗೆಯಬೇಕು ಅಂದರೆ ಟ್ರೂನ್ಯಾಸ್ ಏಳಬೇಕು. ಟ್ರೂನ್ಯಾಸ್ ಏಳಬೇಕು ಅಂದರೆ ಹೋಸ್ಟ್ ಏಳಬೇಕು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆ ಒಳಗೇ ಇದೆ.

ಒಂದು ಯುಎಸ್‌ಬಿ ಡಿಸ್ಕ್ ಹಾಕಿ, ಡೇಟಾಸೆಂಟರ್ ಸ್ಟೋರೇಜ್‌ನಲ್ಲಿ ಡೈರೆಕ್ಟರಿಯಾಗಿ ಸೇರಿಸಿ, ಎಲ್ಲಾ ಗೆಸ್ಟ್‌ಗಳ (ವಿಎಂ ಮತ್ತು ಕಂಟೇನರ್‌ಗಳ) ಬ್ಯಾಕಪ್ ಅದಕ್ಕೆ ಒಂದು ಸಲ ತೆಗೆಯಿರಿ. ಆಮೇಲೆ ಅದರಿಂದ ಒಂದು ಚಿಕ್ಕ ಕಂಟೇನರ್ ಅನ್ನು ಬೇರೆ ನಂಬರ್ ಕೊಟ್ಟು ರಿಸ್ಟೋರ್ ಮಾಡಿ ನೋಡಿ. ಫೈಲ್ ಇದೆ ಅಂದ ಮಾತ್ರಕ್ಕೆ ಬ್ಯಾಕಪ್ ಇದೆ ಅಂತ ಅಲ್ಲ.

ಇನ್ನೆರಡು ವಿಷಯ. ಪಾಸ್‌ಥ್ರೂ ಮಾಡಿದ ಎಚ್‌ಬಿಎ ಹಿಂದಿರುವ ಡಿಸ್ಕ್‌ಗಳು ಈ ಬ್ಯಾಕಪ್‌ನಲ್ಲಿ ಬರುವುದಿಲ್ಲ. ವಿಎಂನ ಬೂಟ್ ಡಿಸ್ಕ್ ಮಾತ್ರ ಬರುತ್ತದೆ. ಹೋಸ್ಟ್‌ನ ಸ್ವಂತ ಸೆಟ್ಟಿಂಗ್‌ಗಳೂ ಬರುವುದಿಲ್ಲ. ಇಟಿಸಿ ಕೆಳಗಿನ ಪಿವಿಇ ಫೋಲ್ಡರ್ ನಿಜವಾದ ಫೋಲ್ಡರ್ ಅಲ್ಲ, ಅದು ಒಂದು ಎಸ್‌ಕ್ಯುಲೈಟ್ ಡೇಟಾಬೇಸ್‌ನಿಂದ ಎದ್ದು ಕಾಣುವ ಫೈಲ್ ಸಿಸ್ಟಮ್. ಹೋಸ್ಟ್ ಚಾಲೂ ಇದ್ದಾಗ ಅದನ್ನು ಟಾರ್ ಮಾಡಿ ಯುಎಸ್‌ಬಿಗೆ ಹಾಕಿ. ಜೊತೆಗೆ ನೆಟ್‌ವರ್ಕ್‌ನ ಇಂಟರ್‌ಫೇಸಸ್ ಫೈಲ್, ಹೋಸ್ಟ್ಸ್ ಫೈಲ್, ಎಫ್‌ಎಸ್‌ಟ್ಯಾಬ್, ಮಾಡ್‌ಪ್ರೋಬ್ ಫೋಲ್ಡರ್. ಎಲ್ಲಾ ಸೇರಿದರೂ ಕೆಲವು ಎಂಬಿ ಆಗುವುದಿಲ್ಲ.

ಕಪ್ಪು_ತೆರೆ

ಮೇಲಿನವರು ಹೇಳಿದ ಸುತ್ತು ಡಿಎನ್‌ಎಸ್‌ನಲ್ಲೂ ಇದೆ. ಹೋಸ್ಟ್‌ನ ಡಿಎನ್‌ಎಸ್ ಸೆಟ್ಟಿಂಗ್ ತೆಗೆದು ನೋಡಿ. ಅಲ್ಲಿ ಪೈ-ಹೋಲ್ ವಿಳಾಸ ಇದ್ದರೆ, ಗೆಸ್ಟ್‌ಗಳನ್ನು ನಿಲ್ಲಿಸಿದ ಕ್ಷಣದಿಂದ ಆಪ್ಟ್‌ಗೆ (ಪ್ಯಾಕೇಜ್ ತಂದು ಹಾಕುವ ಟೂಲ್) ಯಾವ ಸರ್ವರ್‌ನ ವಿಳಾಸವೂ ಸಿಗುವುದಿಲ್ಲ. ಅಪ್‌ಗ್ರೇಡ್ ಮುಗಿಯುವವರೆಗೆ ಹೋಸ್ಟ್‌ಗೆ ರೂಟರ್‌ನ ವಿಳಾಸ ಕೊಡಿ. ನನ್ನ ಪ್ರಕಾರ ಹೋಸ್ಟ್‌ಗೆ ಯಾವಾಗಲೂ ಹಾಗೇ ಇರಬೇಕು.

ಮನೆಯವರ ಫೋನುಗಳಿಗೂ ಡಿಎಚ್‌ಸಿಪಿ ಪೈ-ಹೋಲ್ ವಿಳಾಸ ಒಂದನ್ನೇ ಕೊಡುತ್ತಿದ್ದರೆ, "ಇಂಟರ್ನೆಟ್ ಇಲ್ಲ" ಅಂತ ನಿಮ್ಮ ಬಾಗಿಲು ಬಡಿಯುವುದು ಗ್ಯಾರಂಟಿ. ಅದನ್ನೂ ಹಿಂದಿನ ದಿನವೇ ಬದಲಿಸಿ. ಲೀಸ್ ಮುಗಿದು ಹೊಸದು ಸಿಗಲು ಸಮಯ ಹಿಡಿಯುತ್ತದೆ.

ಒಂದು ಅನುಕೂಲದ ಉಪಾಯ: ರೆಪೊ (ಪ್ಯಾಕೇಜ್‌ಗಳು ಬರುವ ಮೂಲ) ಬದಲಾಯಿಸಿದ ಮೇಲೆ ಡಿಸ್ಟ್-ಅಪ್‌ಗ್ರೇಡ್ ಅನ್ನು ಮೊದಲು ಡೌನ್‌ಲೋಡ್-ಓನ್ಲಿ ಆಯ್ಕೆಯ ಜೊತೆ ಓಡಿಸಿ. ಎಲ್ಲಾ ಪ್ಯಾಕೇಜ್ ಬಂದು ಡಿಸ್ಕ್‌ನಲ್ಲಿ ಕೂರುತ್ತವೆ, ಏನೂ ಇನ್‌ಸ್ಟಾಲ್ ಆಗುವುದಿಲ್ಲ. ಗೆಸ್ಟ್‌ಗಳು ಆಗ ಓಡುತ್ತಲೇ ಇರಲಿ. ಆಮೇಲೆ ಅವುಗಳನ್ನು ನಿಲ್ಲಿಸಿ ನಿಜವಾದ ಅಪ್‌ಗ್ರೇಡ್ ಮಾಡಿದರೆ ನೆಟ್ ಬೇಕೇ ಆಗುವುದಿಲ್ಲ. ರೂಟರನ್ನೇ ವಿಎಂ ಆಗಿ ಓಡಿಸುವವರಿಗಂತೂ ಇದೊಂದೇ ನೆಮ್ಮದಿಯ ದಾರಿ. ರೂಟ್‌ನಲ್ಲಿ ಕನಿಷ್ಠ 5 ಜಿಬಿ ಖಾಲಿ ಇರಬೇಕು ಅನ್ನುತ್ತಾರೆ, 10 ಜಿಬಿ ದಾಟಿ ಇದ್ದರೆ ಒಳ್ಳೆಯದು.

ಹೊಸ_ಗೋಡೆ

ನಾನು ಯಾವಾಗಲೂ ಹೊಸ ಇನ್‌ಸ್ಟಾಲ್ ಪಕ್ಷ. 6ರಿಂದ 7, 7ರಿಂದ 8, ಈಗ 9 ಅಂತ ಒಂದರ ಮೇಲೊಂದು ಹಾಕಿದ ಹೋಸ್ಟ್‌ನಲ್ಲಿ ಯಾವ ಕಾಲದ ಕಾನ್ಫಿಗ್ ಎಲ್ಲಿ ಅಡಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಐಎಸ್‌ಒ ಹಾಕಿ, ಗೆಸ್ಟ್ ಡಿಸ್ಕ್‌ಗಳು ಬೇರೆ ಪೂಲ್‌ನಲ್ಲಿದ್ದರೆ ಪೂಲ್ ಇಂಪೋರ್ಟ್ ಮಾಡಿ, ಹಳೆಯ ಕಾನ್ಫ್ ಫೈಲ್‌ಗಳನ್ನು ಕಿಮು-ಸರ್ವರ್ ಮತ್ತು ಎಲ್‌ಎಕ್ಸ್‌ಸಿ ಫೋಲ್ಡರ್‌ಗಳಿಗೆ ಕಾಪಿ ಮಾಡಿದರೆ ಗೆಸ್ಟ್‌ಗಳು ಪಟ್ಟಿಯಲ್ಲಿ ಬಂದು ನಿಲ್ಲುತ್ತವೆ. ರಿಸ್ಟೋರ್ ಮಾಡುವ ಕೆಲಸವೂ ಇಲ್ಲ.

ಝಡ್‌ಪೂಲ್_ಕಾವಲು

ಬೇರೆ ಪೂಲ್ ಇದ್ದರೆ ಸರಿ. ಇವರ ಹತ್ತಿರ ಇರುವುದು ಒಂದೇ ಮಿರರ್. ಇನ್‌ಸ್ಟಾಲರ್ ಆ ಡಿಸ್ಕ್‌ಗಳನ್ನು ಪೂರ್ತಿ ಒರೆಸುತ್ತದೆ. ಆಮೇಲೆ ಎಲ್ಲಾ ಯುಎಸ್‌ಬಿಯಿಂದಲೇ ವಾಪಸ್ ಬರಬೇಕು. ಅದಕ್ಕಿಂತ ಇದ್ದಲ್ಲೇ ಅಪ್‌ಗ್ರೇಡ್ ಮಾಡಲಿ. ಕೈಕೊಟ್ಟರೆ ಹೊಸ ಇನ್‌ಸ್ಟಾಲ್ ಇದ್ದೇ ಇದೆ. ಹೇಗಿದ್ದರೂ ಎರಡಕ್ಕೂ ಬೇಕಾದ ತಯಾರಿ ಒಂದೇ ಅಲ್ವಾ?

ರೂಟ್ ಝಡ್‌ಎಫ್‌ಎಸ್ ಆಗಿರುವುದರಿಂದ ಇನ್ನೊಂದು ಲಾಭ ಇದೆ. ಶುರು ಮಾಡುವ ಮುಂಚೆ ಆರ್‌ಪೂಲ್‌ನ ರೂಟ್ ಡೇಟಾಸೆಟ್‌ನ ಸ್ನ್ಯಾಪ್‌ಶಾಟ್ ತೆಗೆಯಿರಿ. ತೀರಾ ಕೆಟ್ಟರೆ ಯುಎಸ್‌ಬಿಯಿಂದ ಬೂಟ್ ಮಾಡಿ ಅದಕ್ಕೆ ಹಿಂದಕ್ಕೆ ಹೋಗಬಹುದು. ಬೂಟ್ ಪಾರ್ಟಿಷನ್ ಮಾತ್ರ ಈ ಸ್ನ್ಯಾಪ್‌ಶಾಟ್‌ನಲ್ಲಿ ಇರುವುದಿಲ್ಲ, ನೆನಪಿರಲಿ. ಹಾಗಾಗಿ ಹಳೆಯ 6.8 ಕರ್ನಲ್ ಅನ್ನು ಕೆಲವು ವಾರ ಅಳಿಸಬೇಡಿ.

ಮೂಲೆ_ಸರ್ವರ್

ಎಲ್ಲರಿಗೂ ಥ್ಯಾಂಕ್ಸ್. ಯುಎಸ್‌ಬಿ ಬ್ಯಾಕಪ್ ಮುಗಿಯಿತು, ಪೈ-ಹೋಲ್ ಕಂಟೇನರ್ ರಿಸ್ಟೋರ್ ಮಾಡಿ ನೋಡಿದೆ, ಚೆನ್ನಾಗಿ ಎದ್ದಿತು. 8ರ ಎಲ್ಲಾ ಅಪ್‌ಡೇಟ್ ಹಾಕಿ, ಪಿವಿಇ8ಟು9 ಸ್ಕ್ರಿಪ್ಟ್ (ಅಪ್‌ಗ್ರೇಡ್‌ಗೆ ಮುಂಚಿನ ಪರೀಕ್ಷೆ) ಅನ್ನು ಫುಲ್ ಆಯ್ಕೆಯೊಂದಿಗೆ ಓಡಿಸಿದೆ. ಫೇಲ್ ಒಂದೂ ಇಲ್ಲ. ಎಚ್ಚರಿಕೆಗಳು ಇವು:

ಗೆಸ್ಟ್‌ಗಳು ಓಡುತ್ತಿವೆ ಅಂತ. ಇಂಟೆಲ್ ಮೈಕ್ರೋಕೋಡ್ ಪ್ಯಾಕೇಜ್ ಇಲ್ಲ ಅಂತ. ಸಿಸ್ಟಮ್‌ಡಿ-ಬೂಟ್ ಪ್ಯಾಕೇಜ್ ತೆಗೆಯಿರಿ ಅಂತ. ಮತ್ತೆ ಆ 16.04 ಕಂಟೇನರ್ ಹೊಸದರಲ್ಲಿ ನಡೆಯುವುದಿಲ್ಲ ಅಂತ.

ಮೊದಲ ಎರಡು ಅರ್ಥ ಆಯಿತು. ಆದರೆ ನನ್ನ ಹೋಸ್ಟ್ ಸಿಸ್ಟಮ್‌ಡಿ-ಬೂಟ್ ಅನ್ನುವ ಬೂಟ್ ಲೋಡರ್‌ನಿಂದಲೇ ಬೂಟ್ ಆಗುವುದು. ಅದನ್ನೇ ತೆಗೆ ಅಂದರೆ ಹೇಗೆ?

ಕಪ್ಪು_ತೆರೆ

ಹೆಸರು ನೋಡಿ ಗಾಬರಿ ಆಗಬೇಡಿ. ಆ ಪ್ಯಾಕೇಜ್ ಅಪ್‌ಗ್ರೇಡ್ ಆಗುವಾಗ ಬೂಟ್ ಲೋಡರ್ ಸೆಟ್ಟಿಂಗ್‌ಗೆ ತಾನೇ ಕೈಹಾಕುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಆ ಕೆಲಸ ನೋಡಿಕೊಳ್ಳುವುದು ಪ್ರಾಕ್ಸ್‌ಮಾಕ್ಸ್-ಬೂಟ್-ಟೂಲ್. ಇಬ್ಬರು ಒಂದೇ ಕಡೆ ಕೈಯಾಡಿಸಿದರೆ ಗಲಾಟೆ. ಅದಕ್ಕೇ ಒಂದನ್ನು ತೆಗೆ ಅನ್ನುತ್ತಿದೆ. ಮೊದಲು ಬೂಟ್-ಟೂಲ್‌ನ ಸ್ಟೇಟಸ್ ನೋಡಿ. ಎರಡೂ ಡಿಸ್ಕ್‌ಗಳ ಬೂಟ್ ಪಾರ್ಟಿಷನ್ ಅಲ್ಲಿ ಕಾಣಬೇಕು. ಕಂಡರೆ ಸ್ಕ್ರಿಪ್ಟ್ ಹೇಳಿದ ಹಾಗೆ ತೆಗೆಯಿರಿ.

16.04ರ ಕಥೆ ಬೇರೆ. 9ರಲ್ಲಿ ಹಳೆಯ ಸಿಗ್ರೂಪ್ ವಿ1 (ಕರ್ನಲ್ ಸಂಪನ್ಮೂಲ ಹಂಚುವ ಹಳೆಯ ವಿಧಾನ) ಪೂರ್ತಿ ಹೋಗಿದೆ. ಕಂಟೇನರ್ ಒಳಗಿನ ಸಿಸ್ಟಮ್‌ಡಿ (ಲಿನಕ್ಸ್ ಸೇವೆಗಳನ್ನು ಎಬ್ಬಿಸುವ ಪ್ರೋಗ್ರಾಂ) 230 ಅಥವಾ ಅದಕ್ಕಿಂತ ಹಳೆಯದಾದರೆ ಅದು ಎದ್ದೇಳುವುದಿಲ್ಲ. ಉಬುಂಟು 16.04ರಲ್ಲಿ ಇರುವುದು 229. ಎರಡೇ ನಂಬರ್‌ನಲ್ಲಿ ಹೊರಗೆ! ಸೆಂಟ್‌ಒಎಸ್ 7ರಲ್ಲಿ 219, ಅದಕ್ಕೂ ಇದೇ ಗತಿ. ಕಂಟೇನರ್ ಹೋಸ್ಟ್‌ನ ಕರ್ನಲ್ ಮೇಲೇ ಕೂತಿರುತ್ತದೆ, ಅದಕ್ಕೇ ಈ ತೊಂದರೆ. ವಿಎಂ ಆಗಿದ್ದರೆ ಅದರ ಕರ್ನಲ್ ಅದಕ್ಕೆ, ಹೋಸ್ಟ್ ಯಾವುದಾದರೂ ಚಿಂತೆ ಇಲ್ಲ.

ಬರೀ ವಿಕಿ ತಾನೆ? ಒಂದು ಹೊಸ ಡೆಬಿಯನ್ ಕಂಟೇನರ್ ಮಾಡಿ ಡೇಟಾ ಅದಕ್ಕೆ ಸಾಗಿಸಿ. ಈಗಲೇ ಮಾಡಿ, ಅಪ್‌ಗ್ರೇಡ್ ಆದಮೇಲೆ ಹಳೆಯದು ತೆರೆಯುವುದೇ ಇಲ್ಲ.

ಹಳೇ_ಇಎಸ್‌ಎಕ್ಸ್

ಸ್ವಲ್ಪ ಆಚೀಚೆಯ ಪ್ರಶ್ನೆ. ನಾನು ಇನ್ನೂ ಇಎಸ್‌ಎಕ್ಸ್‌ಐ 7ರಲ್ಲಿದ್ದೇನೆ (ವಿಎಂವೇರ್‌ನ ಇಂಥದೇ ವ್ಯವಸ್ಥೆ). ಬ್ರಾಡ್‌ಕಾಮ್ ವಿಎಂವೇರ್ ಅನ್ನು 2023ರ ನವೆಂಬರ್‌ನಲ್ಲಿ ತೆಗೆದುಕೊಂಡಿತು, 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಲ್ಲಿಸಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಕೊಟ್ಟಿತು. 7ಕ್ಕೆ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು. ನಾನು ಇಎಸ್‌ಎಕ್ಸ್‌ಐ 8ಕ್ಕೆ ಹೋಗುವುದಾ, ಅಥವಾ ಈ ಕಡೆ ಬಂದುಬಿಡುವುದಾ? ಬಂದರೆ ನೇರ 9ಕ್ಕೇ ಬರಬಹುದಾ?

ಹೊಸ_ಗೋಡೆ

ಬನ್ನಿ, ನೇರ 9ಕ್ಕೇ ಬನ್ನಿ. ಇಂಪೋರ್ಟ್ ವಿಝಾರ್ಡ್ ಇದೆ. ಇಎಸ್‌ಎಕ್ಸ್‌ಐ ಹೋಸ್ಟ್ ಅನ್ನು ಒಂದು ಸ್ಟೋರೇಜ್ ಆಗಿ ಸೇರಿಸಿದರೆ ಅದರ ವಿಎಂಗಳು ಪಟ್ಟಿಯಲ್ಲಿ ಕಾಣುತ್ತವೆ, ಆರಿಸಿ ಇಂಪೋರ್ಟ್ ಕೊಡುವುದು. ವಿಂಡೋಸ್ ವಿಎಂ ಇದ್ದರೆ ವರ್ಟ್‌ಐಒ ಡ್ರೈವರ್ ಹಾಕುವವರೆಗೆ ಡಿಸ್ಕ್ ಅನ್ನು ಸಾಟಾ ಅಥವಾ ಐಡಿಇ ಆಗಿ ಇಡಿ, ಇಲ್ಲದಿದ್ದರೆ ನೀಲಿ ತೆರೆ. ಇದಕ್ಕೆ ಎರಡನೇ ಯಂತ್ರ ಬೇಕು ಅನ್ನೋದೊಂದೇ ತಕರಾರು. ಜಾಸ್ತಿ ಪ್ರಶ್ನೆ ಇದ್ದರೆ ಬೇರೆ ಎಳೆ ತೆಗೆಯಿರಿ, ಇಲ್ಲಿ ಮೂಲೆಯವರ ಕೆಲಸ ಮುಗಿಯಲಿ.

ಎರಡು_ನೋಡು

ಎರಡು ನೋಡ್ ಕ್ಲಸ್ಟರ್ ಇರುವವರಿಗೆ ಒಂದು ಮಾತು, ಈ ಎಳೆ ಹುಡುಕಿಕೊಂಡು ಬರುವವರಿಗೆ ಸಹಾಯ ಆಗಬಹುದು. ಒಂದೊಂದಾಗಿ ಮಾಡಿ. ಹಳೆಯ ನೋಡ್‌ನಿಂದ ಹೊಸದಕ್ಕೆ ವಿಎಂ ಲೈವ್ ಆಗಿ ಹೋಗುತ್ತದೆ. ಹೊಸದರಿಂದ ಹಳೆಯದಕ್ಕೆ ಬರುತ್ತದೆ ಅಂತ ನಂಬಬೇಡಿ. ಒಂದು ನೋಡ್ ರೀಬೂಟ್ ಆಗುವಾಗ ಉಳಿದದ್ದಕ್ಕೆ ಕೋರಮ್ (ಬೇಕಾದ ಬಹುಮತ) ಇರುವುದಿಲ್ಲ, ಇಟಿಸಿಯ ಪಿವಿಇ ಫೋಲ್ಡರ್ ಓದಲು ಮಾತ್ರ ಆಗುತ್ತದೆ, ಹೊಸದಾಗಿ ವಿಎಂ ಸ್ಟಾರ್ಟ್ ಆಗುವುದಿಲ್ಲ. ಪಿವಿಸಿಎಂನಲ್ಲಿ ಎಕ್ಸ್‌ಪೆಕ್ಟೆಡ್ 1 ಅಂತ ಕೊಟ್ಟರೆ ತಾತ್ಕಾಲಿಕವಾಗಿ ನಡೆಯುತ್ತದೆ. ಸೆಫ್ (ನೋಡ್‌ಗಳ ನಡುವೆ ಹಂಚಿದ ಸ್ಟೋರೇಜ್) ಇದ್ದರೆ ಮೊದಲು ಅದನ್ನು ಸ್ಕ್ವಿಡ್ ಆವೃತ್ತಿಗೆ ತನ್ನಿ, ಪ್ರಾಕ್ಸ್‌ಮಾಕ್ಸ್ ಆಮೇಲೆ. ಗ್ಲಸ್ಟರ್ ಅನ್ನುವ ಇನ್ನೊಂದು ಹಂಚಿದ ಸ್ಟೋರೇಜ್ ಬಳಸುವವರಿಗೆ 9ರಲ್ಲಿ ಬೆಂಬಲವೇ ಇಲ್ಲ.

ಮೂಲೆ_ಸರ್ವರ್

ವಿಕಿ ಸಾಗಿಸಿದೆ. ರೆಪೊಗಳಲ್ಲಿ ಬುಕ್‌ವರ್ಮ್ (ಹಳೆಯ ಡೆಬಿಯನ್) ಇದ್ದದ್ದನ್ನು ಟ್ರಿಕ್ಸಿ (ಹೊಸದು) ಮಾಡಿದೆ. ಈಗ ಡಿಸ್ಟ್-ಅಪ್‌ಗ್ರೇಡ್ ಕೊಟ್ಟರೆ ದೊಡ್ಡ ಎಚ್ಚರಿಕೆ ಬರುತ್ತಿದೆ: ನೀವು ಪ್ರಾಕ್ಸ್‌ಮಾಕ್ಸ್-ವಿಇ ಅನ್ನುವ ಮೆಟಾ ಪ್ಯಾಕೇಜನ್ನೇ ತೆಗೆಯಲು ಹೊರಟಿದ್ದೀರಿ, ನಿಜವಾಗಲೂ ತೆಗೆಯಬೇಕಿದ್ದರೆ "ಪ್ಲೀಸ್-ರಿಮೂವ್-ಪ್ರಾಕ್ಸ್‌ಮಾಕ್ಸ್-ವಿಇ" ಅಂತ ಒಂದು ಫೈಲ್ ಮಾಡಿ ಅಂತ. ಅಲ್ಲಿಗೇ ನಿಂತಿದ್ದೇನೆ.

ಕಪ್ಪು_ತೆರೆ

ಆ ಫೈಲ್ ಮಾತ್ರ ಮಾಡಬೇಡಿ ಮಾರಾಯ್ರೇ! ಅದು ಮಾಡಿದರೆ ನಿಮ್ಮ ಹೋಸ್ಟ್ ಬರೀ ಡೆಬಿಯನ್ ಆಗಿ ಉಳಿಯುತ್ತದೆ.

ಇದರ ಅರ್ಥ ಡೆಬಿಯನ್ ರೆಪೊ ಟ್ರಿಕ್ಸಿಗೆ ಹೋಗಿದೆ, ಪ್ರಾಕ್ಸ್‌ಮಾಕ್ಸ್‌ನ ರೆಪೊ ಹೋಗಿಲ್ಲ. ಹಳೆಯ ಪ್ರಾಕ್ಸ್‌ಮಾಕ್ಸ್ ಪ್ಯಾಕೇಜ್‌ಗಳು ಹೊಸ ಡೆಬಿಯನ್ ಜೊತೆ ಹೊಂದುವುದಿಲ್ಲ, ಆದ್ದರಿಂದ ತೆಗೆದುಬಿಡೋಣ ಅಂತ ಆಪ್ಟ್ ಲೆಕ್ಕ ಹಾಕುತ್ತದೆ. ಆಪ್ಟ್ ಅಪ್‌ಡೇಟ್ ಕೊಟ್ಟು ಬರುವ ಸಾಲುಗಳನ್ನು ಒಂದೊಂದಾಗಿ ಓದಿ. 401 ಅಂತ ಎಲ್ಲಾದರೂ ಇದೆಯಾ?

ಮೂಲೆ_ಸರ್ವರ್

ಇದೆ. ಎಂಟರ್‌ಪ್ರೈಸ್ ರೆಪೊಗೆ 401. ನೋ-ಸಬ್‌ಸ್ಕ್ರಿಪ್ಷನ್ ರೆಪೊ ಪಟ್ಟಿಯಲ್ಲೇ ಕಾಣುತ್ತಿಲ್ಲ.

ಕಪ್ಪು_ತೆರೆ

ಸರಿ, ಅದೇ. ಸಬ್‌ಸ್ಕ್ರಿಪ್ಷನ್ ಕೀ ಇಲ್ಲದೆ ಎಂಟರ್‌ಪ್ರೈಸ್ ರೆಪೊ ತೆರೆಯುವುದಿಲ್ಲ. ಅದನ್ನು ನಿಷ್ಕ್ರಿಯ ಮಾಡಿ, ನೋ-ಸಬ್‌ಸ್ಕ್ರಿಪ್ಷನ್ ಸೇರಿಸಿ. ಈಗ ಪದ್ಧತಿ ಬದಲಾಗಿದೆ, ಒಂದೇ ಸಾಲಿನ ಲಿಸ್ಟ್ ಫೈಲ್ ಬದಲು ಸೋರ್ಸಸ್ ಅನ್ನುವ ಫೈಲ್ ಬರುತ್ತದೆ. ಟೈಪ್ಸ್, ಯುಆರ್‌ಐಸ್, ಸೂಟ್ಸ್, ಕಾಂಪೊನೆಂಟ್ಸ್, ಸೈನ್ಡ್-ಬೈ ಅಂತ ಐದು ಸಾಲು. ಹಳೆಯ ರೂಪವೂ ನಡೆಯುತ್ತದೆ, ಆದರೆ ಎರಡೂ ಕಡೆ ಒಂದೇ ರೆಪೊ ಇರಬಾರದು.

ಆಮೇಲೆ ಅಪ್‌ಗ್ರೇಡ್ ಅನ್ನು ವೆಬ್ ಪುಟದ ಶೆಲ್‌ನಿಂದ ಮಾಡಬೇಡಿ. ವೆಬ್ ಸರ್ವಿಸ್ ಮಧ್ಯದಲ್ಲಿ ರೀಸ್ಟಾರ್ಟ್ ಆಗುತ್ತದೆ, ನಿಮ್ಮ ಶೆಲ್ ಅಲ್ಲೇ ಸಾಯುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಇಡುವ ಟೂಲ್) ಒಳಗೆ ಮಾಡಿ. ಮಾನಿಟರ್ ಮತ್ತು ಕೀಬೋರ್ಡ್ ಹಾಕಿಕೊಂಡು ಕೂತರೆ ಇನ್ನೂ ಒಳ್ಳೆಯದು.

ರಾತ್ರಿ_ಪಾಳಿ

ಮಧ್ಯೆ ಕೇಳುವ ಪ್ರಶ್ನೆಗಳ ಬಗ್ಗೆ ಯಾರೂ ಹೇಳಿಲ್ಲ. ಯಾವುದೋ ಕಾನ್ಫಿಗ್ ಫೈಲ್ ಬದಲಾಗಿದೆ, ಏನು ಮಾಡಲಿ ಅಂತ ನಿಲ್ಲಿಸಿ ಕೇಳುತ್ತದೆ. ಸುಮ್ನೆ ವೈ ಒತ್ತಿಕೊಂಡು ಹೋಗಬೇಡಿ. ಡಿ ಒತ್ತಿದರೆ ವ್ಯತ್ಯಾಸ ತೋರಿಸುತ್ತದೆ. ಗ್ರಬ್‌ನ ಫೈಲ್ ಬಂದರೆ ನಿಮ್ಮದನ್ನೇ ಇಟ್ಟುಕೊಳ್ಳಿ, ಪಾಸ್‌ಥ್ರೂಗೆ ಹಾಕಿದ ಕರ್ನಲ್ ಸಾಲು ಅದರಲ್ಲಿರಬಹುದು. ಎಲ್‌ವಿಎಂನ ಫೈಲ್‌ಗೆ ಹೊಸದನ್ನು ಒಪ್ಪಿಕೊಳ್ಳಿ. ಎಸ್‌ಎಸ್‌ಎಚ್‌ದು ನೀವು ಕೈಯಲ್ಲಿ ಬದಲಿಸಿದ್ದೀರಾ ಇಲ್ಲವಾ ಅನ್ನುವುದರ ಮೇಲೆ. ಬದಲಾವಣೆಗಳ ದೊಡ್ಡ ಪಟ್ಟಿ ತೆರೆದು ತೆರೆ ನಿಂತಂತೆ ಕಂಡರೆ ಕ್ಯೂ ಒತ್ತಿ, ಅದು ಹ್ಯಾಂಗ್ ಆಗಿರುವುದಲ್ಲ.

ರೀಬೂಟ್‌ಗೆ ಮುಂಚೆ ಇನ್ನೊಂದು: ಎಲ್ಲಾ ಗೆಸ್ಟ್‌ಗಳ "ಸ್ಟಾರ್ಟ್ ಅಟ್ ಬೂಟ್" ತೆಗೆದುಬಿಡಿ, ಮುಖ್ಯವಾಗಿ ಟ್ರೂನ್ಯಾಸ್‌ದು. ಪಾಸ್‌ಥ್ರೂ ವಿಎಂ ಪಿಸಿಐ ವಿಳಾಸ ನೋಡಿ ಕಾರ್ಡ್ ಎತ್ತಿಕೊಳ್ಳುತ್ತದೆ, ಅಲ್ಲಿ ಯಾವ ಕಾರ್ಡ್ ಇದೆ ಅಂತ ಕೇಳುವುದಿಲ್ಲ. ವಿಳಾಸ ಅಕಸ್ಮಾತ್ ಹಿಂದೆಮುಂದೆ ಆಗಿದ್ದರೆ ಹೋಸ್ಟ್‌ನ ನೆಟ್‌ವರ್ಕ್ ಕಾರ್ಡನ್ನೇ ಕಿತ್ತುಕೊಂಡು ಹೋಗುತ್ತದೆ. ಮೊದಲ ಬೂಟ್‌ನಲ್ಲಿ ಎಲ್‌ಎಸ್‌ಪಿಸಿಐ (ಕಾರ್ಡ್‌ಗಳ ಪಟ್ಟಿ ಕೊಡುವ ಕಮಾಂಡ್) ನೋಡಿ, ಆಮೇಲೆ ಕೈಯಲ್ಲೇ ಸ್ಟಾರ್ಟ್ ಮಾಡಿ.

ಮೂಲೆ_ಸರ್ವರ್

ಅಪ್‌ಗ್ರೇಡ್ ಮುಗಿಯಿತು, ಒಂದೂ ಎರರ್ ಇಲ್ಲ. ರೀಬೂಟ್ ಕೊಟ್ಟೆ. ಮಾನಿಟರ್‌ನಲ್ಲಿ ಲಾಗಿನ್ ಬರುತ್ತಿದೆ, ರೂಟ್ ಆಗಿ ಒಳಗೆ ಹೋಗಬಹುದು. ಆದರೆ ನೆಟ್‌ವರ್ಕ್ ಇಲ್ಲ. ರೂಟರ್‌ಗೂ ಪಿಂಗ್ ಹೋಗುತ್ತಿಲ್ಲ. ಕೇಬಲ್ ದೀಪ ಉರಿಯುತ್ತಿದೆ. ಫೋನ್‌ನಿಂದ ಬರೆಯುತ್ತಿದ್ದೇನೆ.

ರಾತ್ರಿ_ಪಾಳಿ

ಐಪಿ ಲಿಂಕ್ ಕೊಡಿ. ಅಲ್ಲಿ ಕಾಣುವ ಕಾರ್ಡ್ ಹೆಸರು, ಇಂಟರ್‌ಫೇಸಸ್ ಫೈಲ್‌ನ ಬ್ರಿಡ್ಜ್-ಪೋರ್ಟ್ಸ್ ಸಾಲಿನ ಹೆಸರು, ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಮೂಲೆ_ಸರ್ವರ್

ಫೈಲ್‌ನಲ್ಲಿ: ಇಎನ್‌ಪಿ2ಎಸ್0ಎಫ್0
ಐಪಿ ಲಿಂಕ್‌ನಲ್ಲಿ: ಇಎನ್‌ಪಿ2ಎಸ್0ಎಫ್0ಎನ್‌ಪಿ0

ಕೊನೆಗೆ ಒಂದು ಬಾಲ ಸೇರಿಕೊಂಡಿದೆ!

ರಾತ್ರಿ_ಪಾಳಿ

ಸಿಕ್ಕಿತು. ಹೊಸ ಕರ್ನಲ್‌ಗೆ ಕಾರ್ಡ್ ಬಗ್ಗೆ ಹೆಚ್ಚು ವಿವರ ಗೊತ್ತಾದಾಗ ಸಿಸ್ಟಮ್‌ಡಿ ಆ ವಿವರವನ್ನೂ ಹೆಸರಿಗೆ ಸೇರಿಸುತ್ತದೆ. ಕಾರ್ಡ್ ಚೆನ್ನಾಗಿದೆ, ಡ್ರೈವರ್ ಚೆನ್ನಾಗಿದೆ. ಬ್ರಿಡ್ಜ್ ಹಳೆಯ ಹೆಸರಿನವನಿಗೆ ಕಾಯುತ್ತಾ ಕೂತಿದೆ ಅಷ್ಟೇ.

ಇಂಟರ್‌ಫೇಸಸ್ ಫೈಲ್ ತೆರೆಯಿರಿ. ಆ ಹೆಸರು ಎರಡು ಕಡೆ ಇರುತ್ತದೆ: ಐಫೇಸ್ ಸಾಲಿನಲ್ಲಿ ಒಂದು, ವಿಎಂಬಿಆರ್0 ಕೆಳಗಿನ ಬ್ರಿಡ್ಜ್-ಪೋರ್ಟ್ಸ್‌ನಲ್ಲಿ ಇನ್ನೊಂದು. ಎರಡನ್ನೂ ಹೊಸ ಹೆಸರಿಗೆ ಬದಲಿಸಿ ಐಎಫ್‌ರೀಲೋಡ್ ಮೈನಸ್ ಎ ಕೊಡಿ. ರೀಬೂಟ್ ಬೇಡ.

ಮೂಲೆ_ಸರ್ವರ್

ಬಂತು ಬಂತು! ವೆಬ್ ಪುಟ ತೆರೆಯಿತು. 9 ಅಂತ ತೋರಿಸುತ್ತಿದೆ. ಆದರೆ ಬಟನ್‌ಗಳೆಲ್ಲಾ ಸ್ವಲ್ಪ ವಿಚಿತ್ರವಾಗಿ ಕಾಣುತ್ತಿವೆ.

ಕಪ್ಪು_ತೆರೆ

ಬ್ರೌಸರ್ ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡಿದೆ. ಕಂಟ್ರೋಲ್ ಶಿಫ್ಟ್ ಆರ್.

ಹೊಸ_ಗೋಡೆ

ಮುಂದಿನ ಕರ್ನಲ್‌ನಲ್ಲಿ ಮತ್ತೆ ಹೆಸರು ಬದಲಾದರೆ? ಪ್ರತಿ ಸಲ ಮಾನಿಟರ್ ಹೊತ್ತುಕೊಂಡು ಹೋಗಲಾ?

ರಾತ್ರಿ_ಪಾಳಿ

ಹೆಸರನ್ನು ಮ್ಯಾಕ್ ವಿಳಾಸಕ್ಕೆ ಕಟ್ಟಿಹಾಕಬಹುದು. 9ರಲ್ಲಿ ಇದಕ್ಕೇ ಪಿವಿಇ-ನೆಟ್‌ವರ್ಕ್-ಇಂಟರ್‌ಫೇಸ್-ಪಿನ್ನಿಂಗ್ ಅಂತ ಒಂದು ಟೂಲ್ ಬಂದಿದೆ. ಜನರೇಟ್ ಅಂತ ಕೊಟ್ಟರೆ ಕಾರ್ಡ್‌ಗಳಿಗೆ ನಿಕ್0, ನಿಕ್1 ಅಂತ ಹೆಸರಿಟ್ಟು, ಕಾನ್ಫಿಗ್ ಫೈಲ್‌ಗಳಲ್ಲೂ ಬದಲಾಯಿಸುತ್ತದೆ. ಒಂದು ರೀಬೂಟ್ ಬೇಕು.

ಕೈಯಲ್ಲೇ ಮಾಡುವವರು ಸಿಸ್ಟಮ್‌ಡಿಯ ಲಿಂಕ್ ಫೈಲ್ ಬರೆಯಬಹುದು. ಅದರಲ್ಲಿ ಮ್ಯಾಕ್ ವಿಳಾಸದ ಜೊತೆ ಟೈಪ್ ಈಥರ್ ಅಂತ ಒಂದು ಸಾಲು ಮರೆಯದೆ ಹಾಕಿ. ಬ್ರಿಡ್ಜ್ ಕೂಡ ಅದೇ ಮ್ಯಾಕ್ ಇಟ್ಟುಕೊಂಡಿರುತ್ತದೆ, ಆ ಸಾಲು ಇಲ್ಲದಿದ್ದರೆ ಒಂದೇ ಹೆಸರಿಗೆ ಇಬ್ಬರು ಹಕ್ಕುದಾರರು. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿ.

8ರಲ್ಲಿ ಇದ್ದುಕೊಂಡೇ ಲಿಂಕ್ ಫೈಲ್ ಬರೆದು, ರೀಬೂಟ್ ಮಾಡಿ ನೋಡಿ, ಆಮೇಲೆ 9ಕ್ಕೆ ಹೋಗುವುದು ನನಗೆ ಇಷ್ಟವಾದ ಕ್ರಮ. ಮಾನಿಟರ್ ಹಾಕಲು ಆಗದ ಕಡೆ ಸರ್ವರ್ ಇಟ್ಟವರಿಗೆ ಇದು ಕಡ್ಡಾಯ ಅಂತಲೇ ಹೇಳುತ್ತೇನೆ.

ಮೂಲೆ_ಸರ್ವರ್

ಪಿನ್ ಮಾಡಿದೆ. ಎಲ್‌ಎಸ್‌ಪಿಸಿಐ ನೋಡಿದೆ, ಎಚ್‌ಬಿಎ ಹಳೆಯ ವಿಳಾಸದಲ್ಲೇ ಇದೆ. ಟ್ರೂನ್ಯಾಸ್ ಎದ್ದಿತು, ಪೂಲ್ ಆನ್‌ಲೈನ್. ಪೈ-ಹೋಲ್, ಹೋಮ್ ಅಸಿಸ್ಟೆಂಟ್ ಎಲ್ಲಾ ಸರಿ. ಜೆಲ್ಲಿಫಿನ್ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್ ಕೂಡ ನಡೆಯುತ್ತಿದೆ. ಆಟೊ ಸ್ಟಾರ್ಟ್ ಮತ್ತೆ ಹಾಕಿದೆ.

ಒಂದೇ ಒಂದು ಕೊನೆಯ ಪ್ರಶ್ನೆ. ಝಡ್‌ಪೂಲ್ ಸ್ಟೇಟಸ್ ಕೊಟ್ಟರೆ, ಕೆಲವು ಹೊಸ ಫೀಚರ್‌ಗಳು ಆನ್ ಆಗಿಲ್ಲ, ಝಡ್‌ಪೂಲ್ ಅಪ್‌ಗ್ರೇಡ್ ಮಾಡಿ ಅನ್ನುತ್ತಿದೆ. ಮಾಡಿಬಿಡಲಾ?

ಝಡ್‌ಪೂಲ್_ಕಾವಲು

ಬೇಡ. ಅದು ಎರರ್ ಅಲ್ಲ, ಸುಮ್ನೆ ಮಾಹಿತಿ. 9ರ ಜೊತೆ ಝಡ್‌ಎಫ್‌ಎಸ್ 2.3 ಬಂದಿದೆ, ನಿಮ್ಮ ಪೂಲ್ ಹಳೆಯ ಫೀಚರ್‌ಗಳಲ್ಲೇ ಆರಾಮಾಗಿ ಓಡುತ್ತದೆ. ಅಪ್‌ಗ್ರೇಡ್ ಮಾಡಿ ಹೊಸ ಫೀಚರ್ ಬಳಕೆಗೆ ಬಂದರೆ ಹಳೆಯ ಝಡ್‌ಎಫ್‌ಎಸ್ ಆ ಪೂಲ್ ತೆರೆಯುವುದಿಲ್ಲ. 6.8 ಕರ್ನಲ್‌ಗೆ ಹಿಂದಕ್ಕೆ ಹೋಗುವ ದಾರಿ, ಆ ಸ್ನ್ಯಾಪ್‌ಶಾಟ್, ಹಳೆಯ ಐಎಸ್‌ಒದಿಂದ ರಿಪೇರಿ, ಎಲ್ಲಾ ಒಂದೇ ಏಟಿಗೆ ಬಂದ್. ವಾಪಸ್ ಇಳಿಸುವ ಕಮಾಂಡ್ ಇಲ್ಲ.

2.3ರ ದೊಡ್ಡ ಹೊಸತು ರೇಡ್‌ಝಡ್‌ಗೆ ಒಂದೊಂದೇ ಡಿಸ್ಕ್ ಸೇರಿಸಿ ಹಿಗ್ಗಿಸುವುದು. ನಿಮ್ಮದು ಮಿರರ್, ಅದು ನಿಮಗೆ ಬೇಕಾಗಿಯೇ ಇಲ್ಲ. ಟ್ರೂನ್ಯಾಸ್ ಒಳಗಿನ ಪೂಲ್ ಬೇರೆ ವಿಷಯ, ಅದರ ಝಡ್‌ಎಫ್‌ಎಸ್ ಟ್ರೂನ್ಯಾಸ್‌ನದೇ, ಅದನ್ನು ಹೋಸ್ಟ್‌ನಿಂದ ಮುಟ್ಟಬೇಡಿ.

ಸ್ನ್ಯಾಪ್‌ಶಾಟ್ ಕೂಡ ವರ್ಷಗಟ್ಟಲೆ ಇಡಬೇಡಿ, ರೂಟ್‌ನಲ್ಲಿ ಬದಲಾದದ್ದೆಲ್ಲಾ ಅದರ ಲೆಕ್ಕಕ್ಕೆ ಜಾಗ ತಿನ್ನುತ್ತದೆ. ಕೆಲವು ವಾರ ಎಲ್ಲಾ ಸರಿ ಓಡಿದ ಮೇಲೆ ತೆಗೆಯಿರಿ. ಆಮೇಲೆ ಆ ಯುಎಸ್‌ಬಿ ಡಿಸ್ಕ್‌ಗೆ ವಾರಕ್ಕೊಂದು ಬ್ಯಾಕಪ್ ಜಾಬ್ ಹಾಕಿ, ಟ್ರೂನ್ಯಾಸ್‌ನದು ಇದ್ದ ಹಾಗೆ ಇರಲಿ.

ಮೂಲೆ_ಸರ್ವರ್

ಸರಿ, ಪೂಲ್ ಮುಟ್ಟುವುದಿಲ್ಲ. ಜಾಬ್ ಈಗ ಹಾಕುತ್ತಿದ್ದೇನೆ. ಯುಎಸ್‌ಬಿ ಡಿಸ್ಕ್ ಮೌಂಟ್ ಆಗದೆ ಇದ್ದಾಗ ಬ್ಯಾಕಪ್ ಹೋಗಿ ರೂಟ್ ಡಿಸ್ಕ್ ತುಂಬುತ್ತದಾ?

ಝಡ್‌ಪೂಲ್_ಕಾವಲು

ತುಂಬುತ್ತದೆ, ಖಾಲಿ ಫೋಲ್ಡರ್‌ಗೇ ಬರೆದುಬಿಡುತ್ತದೆ. ಆ ಸ್ಟೋರೇಜ್‌ಗೆ ಈಸ್-ಮೌಂಟ್‌ಪಾಯಿಂಟ್ ಯೆಸ್ ಅಂತ ಕೊಡಿ. ಮೌಂಟ್ ಇಲ್ಲದಿದ್ದರೆ ಸ್ಟೋರೇಜ್ ಆಫ್‌ಲೈನ್ ಅಂತ ತೋರಿಸಿ ಜಾಬ್ ಫೇಲ್ ಆಗುತ್ತದೆ, ಮೇಲ್ ಬರುತ್ತದೆ.